‘ಸಾಮರ್ಥ್ಯ’ ಅಂದರೆ ಯಾವುದು?

ಗೆಳೆಯರೇ,

ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ವಿದ್ಯುತ್ ಉತ್ಪಾದನೆಯ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಸಾಮರ್ಥ್ಯ’ ಅನ್ನೋ ಪದ ತುಂಬಾ ತೊಡಕು ಮಾಡುತ್ತಿದೆ. ಪವರ್‌ಗೂ ಅದೇ, ಕೆಪ್ಯಾಸಿಟಿಗೂ ಅದೇ, ಎಷ್ಟೋ ಕಡೆ ಎಫಿಶಿಯೆನ್ಸಿಗೂ ಅದೇ. ಶಾಲೆಯ ಪಾಠದಲ್ಲಿ ಕೆಲಸ ನಡೆಯುವ ದರಕ್ಕೆ ಸಾಮರ್ಥ್ಯ ಎನ್ನುತ್ತೇವೆ. ಪತ್ರಿಕೆಯಲ್ಲಿ ‘2 ಮೆಗಾವ್ಯಾಟ್ ಸಾಮರ್ಥ್ಯದ ಗಾಳಿಯಂತ್ರ’ ಎಂದಿರುತ್ತದೆ. ಎರಡೂ ತಪ್ಪಲ್ಲ. ಒಂದೇ ಪ್ಯಾರಾದಲ್ಲಿ ಎರಡೂ ಬಂದಾಗಲೇ ಕಷ್ಟ.

ಅದೇ ಗಾಳಿಯಂತ್ರವನ್ನು ತೆಗೆದುಕೊಳ್ಳಿ. ವರ್ಷದ 8,760 ಗಂಟೆಯೂ ಪೂರ್ತಿ ಓಡಿದರೆ ಅದು 17,520 ಮೆಗಾವ್ಯಾಟ್-ಗಂಟೆ ಕೊಡಬೇಕು. ಗಾಳಿ ಯಾವಾಗಲೂ ಒಂದೇ ಸಮ ಬೀಸುವುದಿಲ್ಲ, ಅಲ್ವಾ? ವೇಗ ಅರ್ಧವಾದರೆ ಗಾಳಿಯಲ್ಲಿರುವ ಪವರ್ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಕೊನೆಗೆ 5,256 ಕೊಟ್ಟಿತು ಅಂದುಕೊಳ್ಳಿ. ಅಂದರೆ ಶೇ. 30. ಇದು ಕೆಪ್ಯಾಸಿಟಿ ಫ್ಯಾಕ್ಟರ್.

ಇದನ್ನು ‘ದಕ್ಷತೆ ಶೇ. 30’ ಎಂದು ಬರೆದರೆ ಅರ್ಥವೇ ಕೆಡುತ್ತದೆ. ದಕ್ಷತೆಯ ಲೆಕ್ಕ ಬೇರೆ. ರೆಕ್ಕೆಗಳು ಸುತ್ತುವ ಜಾಗದಲ್ಲಿ ಹಾಯುವ ಗಾಳಿಯ ಶಕ್ತಿಯಲ್ಲಿ ಎಷ್ಟು ಪಾಲು ನಮಗೆ ಸಿಕ್ಕಿತು ಅನ್ನುವುದು ಅಲ್ಲಿನ ಪ್ರಶ್ನೆ. ಅದಕ್ಕೆ ಬೆಟ್ಜ್ ಮಿತಿ ಇದೆ, ಶೇ. 59.3. ಎಂಥ ಯಂತ್ರ ಕಟ್ಟಿದರೂ ಅದಕ್ಕಿಂತ ಜಾಸ್ತಿ ಆಗದು. ಕಲ್ಲಿದ್ದಲು ಸ್ಥಾವರದಲ್ಲಿ ಇಂಧನದ ಶಾಖದ ಎಷ್ಟು ಭಾಗ ವಿದ್ಯುತ್ತಾಯಿತು ಅನ್ನುವುದು ದಕ್ಷತೆ. ಅದು ಅರ್ಧಕ್ಕಿಂತ ಕಡಿಮೆಯೇ. ಆದರೂ ಆ ಸ್ಥಾವರ ವರ್ಷದ ಬಹುಪಾಲು ಪೂರ್ತಿ ಹೊರೆಯಲ್ಲಿ ಓಡಿದರೆ ಕೆಪ್ಯಾಸಿಟಿ ಫ್ಯಾಕ್ಟರ್ ಶೇ. 80 ದಾಟಬಹುದು. ಎರಡಕ್ಕೂ ಒಂದೇ ಪದ ಹಾಕಿಬಿಟ್ಟರೆ ವಿದ್ಯಾರ್ಥಿ ಗಾಳಿಯನ್ನೂ ಕಲ್ಲಿದ್ದಲನ್ನೂ ಹೋಲಿಸುವುದಾದರೂ ಹೇಗೆ?

ನನ್ನ ಮಟ್ಟಿಗೆ ಪವರ್‌ಗೆ ಪವರ್ ಅಂತಲೇ ಬಿಡುವುದು ವಾಸಿ. ‘ಸ್ಥಾಪಿತ ಸಾಮರ್ಥ್ಯ’ ಈಗಾಗಲೇ ರೂಢಿಯಲ್ಲಿದೆ, ಹಾಗಾಗಿ ಸಾಮರ್ಥ್ಯ ಕೆಪ್ಯಾಸಿಟಿಗೆ ಮಾತ್ರ ಇರಲಿ. ಎಫಿಶಿಯೆನ್ಸಿಗೆ ದಕ್ಷತೆ ಚೆನ್ನಾಗಿ ಒಗ್ಗಿದೆ.

ಇನ್ನೊಂದು ಮಾತು. ‘ನವೀಕರಿಸಬಹುದಾದ ಇಂಧನ’ ಅನ್ನುವುದನ್ನೂ ಬಿಡಬೇಕು ಅನ್ನಿಸುತ್ತದೆ. ಬಿಸಿಲು, ಗಾಳಿ ಉರಿಸುವಂಥವಲ್ಲ. ಜೈವಿಕ ಅನಿಲಕ್ಕಾದರೆ ಸರಿ. ಉಳಿದಂತೆ ‘ಶಕ್ತಿ’ ಎಂದರೆ ಸಾಕು.

ಉಳಿದಿರುವುದು ಕೆಪ್ಯಾಸಿಟಿ ಫ್ಯಾಕ್ಟರ್. ‘ಸಾಮರ್ಥ್ಯ ಬಳಕೆ’ ಎಂದು ಯೋಚಿಸಿದೆ, ಆದರೆ ‘ಬಳಕೆ’ ಅಂದ ಕೂಡಲೇ ಗ್ರಾಹಕರು ಖರ್ಚು ಮಾಡುವ ವಿದ್ಯುತ್ ನೆನಪಾಗುತ್ತದೆ. ‘ಉತ್ಪಾದನಾ ಪ್ರಮಾಣ’ ಅಂದರೆ ಒಟ್ಟು ಉತ್ಪಾದನೆ ಅಂದುಕೊಳ್ಳುತ್ತಾರೆ. ಈ ವಿಷಯ ಕಲಿಸುವವರು ತರಗತಿಯಲ್ಲಿ ಏನೆನ್ನುತ್ತೀರಿ?