‘ಲೆಕ್ಕ ಬೇಡದ ಕೆಲಸ’ – ನಮ್ಮ ಕುಟುಂಬದ ಗುಂಪಿನಲ್ಲಿ

ಪೆರ್ಲ ಚಿಕ್ಕಮ್ಮ: ಗಣಿತ ಕಂಡರಾಗದವರಿಗೆ ಕಟ್ಟಡ ಕೆಲಸ ಒಳ್ಳೇದು, ಲೆಕ್ಕವೇ ಬೇಡ ಅಂತ ಒಂದು ಫಾರ್ವರ್ಡ್ ಬಂದಿದೆ, ಮೇಲೆ ಹಾಕಿದ್ದೇನೆ. ನಮ್ಮ ಮಾಣಿಗೆ ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಡಿ ಪ್ಲಸ್, ಹೇಗೋ ಪಾಸು. ಅವನಿಗೆ ಇದೇ ಸರಿ ಅಲ್ವಾ?

ಕುಂಬಳೆ ಭಾವ: ಪ್ಲಸ್ ಟುಗೆ ಹ್ಯುಮ್ಯಾನಿಟೀಸ್ ತೆಗೆಯಲಿ ಚಿಕ್ಕಮ್ಮಾ. ಬಿಸಿಲಲ್ಲಿ ಕಲ್ಲು ಹೊರುವುದು ಯಾಕೆ?

ಬದಿಯಡ್ಕ ಮಾವ: ತಂಗೀ, ಆ ಫಾರ್ವರ್ಡ್ ಅರ್ಧ ಸುಳ್ಳು. ಲೆಕ್ಕ ಇಲ್ಲದ ಕೆಲಸ ನನ್ನ ಸೈಟಿನಲ್ಲಿ ಒಂದೂ ಇಲ್ಲ. ಆದರೆ ಅದು ಪರೀಕ್ಷೆಯ ಲೆಕ್ಕ ಅಲ್ಲ. ಪಾಯಕ್ಕೆ ದಾರ ಕಟ್ಟುವಾಗ ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿಗೆ ಗುರುತು ಮಾಡುತ್ತೇವೆ. ಎರಡು ಗುರುತಿನ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆಮಟ್ಟ ಸರಿ. ಬರದಿದ್ದರೆ ದಾರ ಸರಿಸುವುದು. ಟೇಪು ಓದಲು ಬಂದರೆ ಸಾಕು. ಗೋಡೆಯ ಗಾರೆಗೆ ಒಂದು ಬುಟ್ಟಿ ಸಿಮೆಂಟು, ಆರು ಬುಟ್ಟಿ ಹೊಯ್ಗೆ. ಇಷ್ಟೇ.

ಕುಂಬಳೆ ಭಾವ: ನಾಳೆ ಕಂಟ್ರಾಕ್ಟು ಹಿಡಿದರೆ? ಚದರಡಿ ಲೆಕ್ಕ ಬಾರದವನಿಗೆ ಎಲ್ಲರೂ ಟೋಪಿ ಹಾಕುತ್ತಾರೆ ಮಾವ.

ಬದಿಯಡ್ಕ ಮಾವ: ಅದು ಹೌದು. 12 ಅಡಿ ಉದ್ದ, 10 ಅಡಿ ಎತ್ತರದ ಗೋಡೆ 120 ಚದರಡಿ, ಅಷ್ಟು ಬರಲೇಬೇಕು. ಫೋನಿನಲ್ಲಿ ಗುಣಿಸಲಿ, ಅಡ್ಡಿ ಇಲ್ಲ. ಕಿಟಕಿ ಬಾಗಿಲಿನ ಜಾಗ ಕಳೆಯುವುದೋ ಬೇಡವೋ ಅಂತ ಮೊದಲೇ ಮಾತಾಡಿಕೊಳ್ಳಬೇಕು. ಜಗಳ ಜಾಸ್ತಿ ಅಲ್ಲೇ.

ಮಂಜೇಶ್ವರ ಅಕ್ಕ: ವಯರಿಂಗ್ ಆಗದಾ ಮಾವ? ಗಲ್ಫಿಗಾದರೂ ಹೋಗಬಹುದು.

ಬದಿಯಡ್ಕ ಮಾವ: ಅವನಿಗೆ ಅದು ಬೇಡ ಮಗಾ. ಲೈಟಿಗೆ 1.5 ಚದರ ಮಿಲಿಮೀಟರ್ ದಪ್ಪದ ವಯರು, ಏಸಿಗೆ 4ರದ್ದು, ಯಾವ ಲೋಡಿಗೆ ಎಷ್ಟು ಆಂಪಿಯರ್ ಅಂತ ದಿನಾ ಲೆಕ್ಕ. ತಪ್ಪಿದರೆ ವಯರು ಬಿಸಿಯಾಗಿ ಬೆಂಕಿಯೇ. ಪೇಂಟಿಂಗ್ ನೋಡಲಿ, ಇಲ್ಲ ಕೆಂಪುಕಲ್ಲು ಕಟ್ಟಲಿ. ಕಲ್ಲಿನ ಕೆಲಸಕ್ಕೆ ಕಣ್ಣು ಬೇಕು. ಒಂದರ ಅಂಚು ಇನ್ನೊಂದರ ಹಾಗೆ ಇರುವುದಿಲ್ಲ. ಕೆತ್ತಿ, ದಾರಕ್ಕೆ ಸರಿಯಾಗಿ ಕೂರಿಸಬೇಕು. ಕೆಳಗಿನ ವರಸೆಯ ಸಂದಿನ ನೇರಕ್ಕೆ ಮೇಲಿನ ಸಂದು ಬರಬಾರದು, ಬಂದರೆ ಗೋಡೆ ಬಿರುಕು ಬಿಡುತ್ತದೆ.

ಪೆರ್ಲ ಚಿಕ್ಕಮ್ಮ: ಚಿತ್ರ ಬಿಡಿಸುವುದು ಅವನಿಗೆ ಇಷ್ಟ. ಆದರೆ ಮೇಸ್ತ್ರಿ ಅಂದರೆ ಹೆಣ್ಣು ಕೊಡುವವರು ಮೂಗು ಮುರಿಯುತ್ತಾರೆ ಅಣ್ಣಾ.

ಬದಿಯಡ್ಕ ಮಾವ: ಮೇಸ್ತ್ರಿ ಸಿಗದೆ ಮನೆ ಅರ್ಧಕ್ಕೆ ನಿಲ್ಲಿಸಿಕೊಂಡು ನನಗೆ ಫೋನ್ ಮಾಡುವವರೂ ಅವರೇ. ಹದಿನಾರರ ಹುಡುಗನಿಗೆ ಈಗಲೇ ಆ ಮಾತು ಬೇಡ.

ಕುಂಬಳೆ ಭಾವ: ಹಾಗಾದರೆ ಐಟಿಐಗೆ ಹೋಗಿ ಕಲಿಯಲಿ. ಪ್ಲಂಬರ್ ಟ್ರೇಡು 1 ವರ್ಷ ಸಾಕು, ಎಲೆಕ್ಟ್ರಿಷಿಯನ್‌ಗಾದರೆ 2. ಕೈಯಲ್ಲಿ ಒಂದು ಸರ್ಟಿಫಿಕೇಟ್ ಇರಲಿ.

ಬದಿಯಡ್ಕ ಮಾವ: ಅದಕ್ಕೆ ನನ್ನ ಅಡ್ಡಿ ಇಲ್ಲ. ಸೇರುವ ಮೊದಲು ಸುಮ್ನೆ ಒಮ್ಮೆ ಬಂದು ನೋಡಲಿ. ನೀರ್ಚಾಲಿನ ಮನೆಯ ಗೋಡೆಗೆ ಪೇಂಟಿನ ಮೊದಲು ನುಣುಪು ಮಾಡುವ ಪುಟ್ಟಿ ಹಾಕುತ್ತಿದ್ದೇವೆ. ಸೋಮವಾರ ಎಂಟು ಗಂಟೆಗೆ ಕಳುಹಿಸು ತಂಗೀ. ಅಟ್ಟಣಿಗೆ ಹತ್ತಿಸುವುದಿಲ್ಲ, ಹೆದರಬೇಡ.