ಕಾಲಂ ತುಂಬುವುದು ಸುಲಭ, ನಮ್ಮವರ ಮಾತು ಕಷ್ಟ

ಸಿಂಗಪುರದ ನಮ್ಮ ಕನ್ನಡಿಗರ ಗುಂಪಿಗೆ ಹೊಸದಾಗಿ ಸೇರಿದ ತಂಗಿಯೊಬ್ಬರು ಕೇಳಿದ್ದಾರೆ: "ಗಂಡ ಸಿಂಗಪುರದ ಚೈನೀಸ್, ನಾನು ಹಾಸನದವಳು. ಮುಂದಿನ ತಿಂಗಳು ಹೆರಿಗೆ. ಜನನ ನೋಂದಣಿಯಲ್ಲಿ ಮಗುವಿನ ಜನಾಂಗ ಏನಂತ ಬರೆಸಬೇಕು?" ನಮ್ಮ ಮನೆಯೂ ಇಂಥದ್ದೇ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಕಾಗದದ ವಿಷಯ ಮೊದಲು ಹೇಳಿಬಿಡುತ್ತೇನೆ. ಹಿಂದೆ ಇಲ್ಲಿ ಸಾಮಾನ್ಯವಾಗಿ ಅಪ್ಪನ ಜನಾಂಗವನ್ನೇ ಮಗುವಿಗೂ ಬರೆಯುತ್ತಿದ್ದರು. 2011ರ ಜನವರಿಯಿಂದ ಎರಡನ್ನೂ ಸೇರಿಸಿ ಬರೆಸಬಹುದು, ಚೈನೀಸ್-ಇಂಡಿಯನ್ ಅಂತಲೋ ಇಂಡಿಯನ್-ಚೈನೀಸ್ ಅಂತಲೋ. ಯಾವುದು ಮುಂದೆ ಅನ್ನುವುದನ್ನು ಯೋಚನೆ ಮಾಡಿಯೇ ಬರೆಸಿ. ಎಚ್‌ಡಿಬಿ (ಸರ್ಕಾರಿ ವಸತಿ ಮಂಡಳಿ) ಫ್ಲ್ಯಾಟ್‌ಗಳಲ್ಲಿ ಒಂದೊಂದು ಬ್ಲಾಕ್‌ಗೂ ಯಾವ ಜನಾಂಗದವರು ಎಷ್ಟು ಇರಬಹುದು ಅಂತ 1989ರಿಂದ ಮಿತಿ ಇದೆ. ಆ ಲೆಕ್ಕಕ್ಕೆ ಮುಂದೆ ಬರೆದದ್ದನ್ನೇ ಹಿಡಿಯುತ್ತಾರೆ. ನಾಳೆ ಮಗು ಮನೆ ಕೊಳ್ಳುವಾಗ, ಮಾರುವಾಗ ಇದು ತಟ್ಟುತ್ತದೆ.

ಶಾಲೆಯಲ್ಲಿ ಮಾತೃಭಾಷೆಯ ಪಟ್ಟಿಯಲ್ಲಿ ಕನ್ನಡ ಇಲ್ಲ. ಭಾರತೀಯ ಮಕ್ಕಳಿಗೆ ತಮಿಳು, ಇಲ್ಲವೇ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು. ನಮ್ಮಂಥ ಮನೆಯವರಿಗೆ ಚೀನೀ ಭಾಷೆ ಮ್ಯಾಂಡರಿನ್ ಕೂಡ ಆಗುತ್ತದೆ. ಹೋಂವರ್ಕ್ ಹೇಳಿಕೊಡುವವರು ಮನೆಯಲ್ಲಿ ಯಾರಿದ್ದಾರೆ ನೋಡಿ ಆರಿಸಿ. ನನ್ನ ಮಕ್ಕಳು ಶಾಲೆಯಲ್ಲಿ ಮ್ಯಾಂಡರಿನ್ ಓದುತ್ತಾರೆ. ನನ್ನ ಜೊತೆ ಕನ್ನಡ, ಅಪ್ಪನ ಕಡೆಯ ಅಜ್ಜಿಯ ಜೊತೆ ಹೊಕ್ಕಿಯನ್ ಅನ್ನುವ ಇನ್ನೊಂದು ಚೀನೀ ನುಡಿ.

ಇಷ್ಟೇ ಕಾಗದದ ಕೆಲಸ. ಜನರ ಕಣ್ಣು ಮಾತ್ರ ಇಷ್ಟಕ್ಕೆ ಬಿಡುವುದಿಲ್ಲ.

ನನ್ನ ಮಗಳದ್ದು ಅಪ್ಪನ ಬಣ್ಣ, ಅಪ್ಪನ ಕಣ್ಣು. ಮಗ ಥೇಟ್ ನನ್ನ ಹಾಗೆ. ಒಮ್ಮೆ ಮನೆಯ ಕೆಳಗಿನ ಆಟದ ಮೈದಾನದಲ್ಲಿ ಒಬ್ಬ ಹೆಂಗಸು ನನ್ನ ಪಕ್ಕ ಬಂದು, "ಈ ಮಗುವಿನ ಮೇಡಂ ಎಲ್ಲಿ?" ಅಂತ ನನ್ನನ್ನೇ ಕೇಳಿದರು. ನಾನು ಮನೆಕೆಲಸಕ್ಕೆ ಇರುವವಳು ಅಂದುಕೊಂಡಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳು ಜೋಕಾಲಿಯಿಂದಲೇ "ಅಮ್ಮಾ, ಇನ್ನೂ ಜೋರಾಗಿ ತಳ್ಳು" ಅಂತ ಕೂಗಿದಳು. ಮನೆಕೆಲಸ ಕೀಳು ಅಂತ ನನಗೆ ಬೇಜಾರಾಗಲಿಲ್ಲ. ಮೈಬಣ್ಣ ನೋಡಿ ತಾಯಿ ಯಾರು ಅಂತ ತೀರ್ಮಾನ ಮಾಡಿದರಲ್ಲ, ಅದು ಚುಚ್ಚಿತು.

ದೊಡ್ಡವರಿಗೂ ಇದು ತಪ್ಪಿಲ್ಲ. ಜೋಸೆಫ್ ಸ್ಕೂಲಿಂಗ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಬಟರ್‌ಫ್ಲೈ ಈಜು ಗೆದ್ದು ಈ ದೇಶಕ್ಕೆ ಮೊದಲ ಚಿನ್ನ ತಂದ ಯೂರೇಷಿಯನ್ (ಯುರೋಪ್-ಏಷ್ಯಾ ಮಿಶ್ರ ಮೂಲದ) ಹುಡುಗ. ಮನೆತನ ತಲೆಮಾರುಗಳಿಂದ ಇಲ್ಲಿಯದೇ. ಆದರೂ "ಇವನು ನಿಜವಾಗಿ ನಮ್ಮವನಾ?" ಅಂದವರಿದ್ದರು. ಮರುವರ್ಷ ಮಲಯರಿಗೆಂದು ಮೀಸಲಿಟ್ಟ ದೇಶದ ಅಧ್ಯಕ್ಷ ಸ್ಥಾನಕ್ಕೆ ಹಲೀಮಾ ಯಾಕೋಬ್ ಬಂದಾಗ, ಅಪ್ಪ ಭಾರತೀಯ ಮೂಲದ ಮುಸ್ಲಿಮರು ಅನ್ನುವ ಕಾರಣಕ್ಕೆ ಇವರು ಮಲಯರು ಹೌದಾ ಅಂತ ಚರ್ಚೆ ನಡೆಯಿತು.

ಮಕ್ಕಳು ತಮ್ಮ ದಾರಿ ತಾವೇ ಹುಡುಕಿಕೊಳ್ಳುತ್ತಾರೆ. 1964ರ ಜನಾಂಗೀಯ ಗಲಭೆಯ ನೆನಪಿಗೆ ಜುಲೈ 21ರಂದು ಶಾಲೆಗಳಲ್ಲಿ ಸೌಹಾರ್ದ ದಿನ ಮಾಡುತ್ತಾರಲ್ಲ, ಅವತ್ತು ಮಕ್ಕಳು ಅವರವರ ಸಾಂಪ್ರದಾಯಿಕ ಉಡುಪಿನಲ್ಲಿ ಹೋಗುತ್ತಾರೆ. ನನ್ನ ಮಗಳು ಅಜ್ಜಿ ಕೊಡಿಸಿದ ಕೆಂಪು ಚೋಂಗ್‌ಸಾಮ್ (ಚೀನೀ ಉಡುಪು) ಹಾಕಿಕೊಂಡು, ಲಿಟಲ್ ಇಂಡಿಯಾದ ಕ್ಯಾಂಪ್‌ಬೆಲ್ ಲೇನ್‌ನಲ್ಲಿ ತಂದ ಮಲ್ಲಿಗೆ ಮುಡಿದು ಹೋದಳು. ನಾನು ಹೇಳಿಕೊಟ್ಟಿದ್ದಲ್ಲ.

ನನ್ನ ನಿಜವಾದ ದೂರು ಇರುವುದು ನಮ್ಮವರ ಮೇಲೆ. ಹಬ್ಬದ ಊಟಕ್ಕೆ ಹೋದರೆ ಸಾಕು, "ಪುಣ್ಯ ಕಣ್ರೀ, ಮಗಳಿಗೆ ಅಪ್ಪನ ಬಣ್ಣ ಬಂದಿದೆ" ಅನ್ನುತ್ತಾರೆ. ಪಕ್ಕದಲ್ಲೇ ಮಗ ನಿಂತಿರುತ್ತಾನೆ. ಅವನಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ. ಒಂದು ರಾತ್ರಿ ಹಾಸಿಗೆಯಲ್ಲಿ, "ಅಕ್ಕಂಗೆ ಪುಣ್ಯ ಅಂದ್ರೆ ನಂಗೇನಮ್ಮ?" ಅಂತ ಕೇಳಿದ. ಅವನ ಕೈ ಪಕ್ಕ ನನ್ನ ಕೈ ಇಟ್ಟು, ಎರಡೂ ಒಂದೇ ನೋಡು, ನನಗೆ ಇದೇ ಇಷ್ಟ ಅಂದೆ. ಅಷ್ಟಕ್ಕೆ ಸಮಾಧಾನವಾಯಿತೋ ಇಲ್ಲವೋ, ಮಲಗಿದ. ಹೊಗಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ನನಗೆ ಗೊತ್ತು. ಆದರೂ ನಿಲ್ಲಿಸಿ. ದಯವಿಟ್ಟು ನಿಲ್ಲಿಸಿ.

ತಂಗಿ, ನಿಮ್ಮ ಮಗು ಹುಟ್ಟಿದ ದಿನದಿಂದಲೇ ಇದು ಶುರುವಾಗುತ್ತದೆ. ವಿಡಿಯೊ ಕಾಲ್‌ನಲ್ಲಿ ಮೊದಲು ಕೇಳುವುದೇ "ಯಾರ ಬಣ್ಣ?" ಅಂತ. "ಹಾಲು ಚೆನ್ನಾಗಿ ಕುಡೀತಿದೆ, ಆರೋಗ್ಯವಾಗಿದೆ" ಅಂತ ಹೇಳಿ ಮಾತು ಬೇರೆ ಕಡೆ ತಿರುಗಿಸಿ. ಅತ್ತಿಗೆ, ಚಿಕ್ಕಮ್ಮ ಯಾರೇ ಆಗಲಿ, ಮಗುವಿನ ಮುಂದೆ ಬಣ್ಣದ ಮಾತು ಬೇಡ ಅಂತ ನೇರವಾಗಿ ಹೇಳಿಬಿಡಿ. ಒಂದು ದಿನ ಮುನಿಸಿಕೊಳ್ಳುತ್ತಾರೆ, ಆಮೇಲೆ ಸರಿಹೋಗುತ್ತಾರೆ.

ನವೆಂಬರ್ ನಾಟಕಕ್ಕೆ ಮಕ್ಕಳನ್ನು ಆರಿಸುವವರಲ್ಲೂ ಒಂದು ಮನವಿ. ಹಿಂದೆ ಒಂದು ಕಡೆ ಕಿತ್ತೂರು ಚೆನ್ನಮ್ಮ ನಾಟಕ ಆಡಿಸಿದಾಗ, "ಮುಖಕ್ಕೆ ಹೊಂದುತ್ತೆ" ಅಂತ ನನ್ನ ಮಗಳಿಗೆ ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಪಾತ್ರ ಕೊಟ್ಟರು. ಚೆನ್ನಮ್ಮನ ಮಾತುಗಳೆಲ್ಲ ಅವಳಿಗೆ ಬಾಯಿಪಾಠ ಆಗಿದ್ದವು. ಈ ಸಲ ಯಾವ ಮಗು ಮಾತು ಚೆನ್ನಾಗಿ ಕಲಿತಿದೆಯೋ ಅದಕ್ಕೆ ಪಾತ್ರ ಕೊಡಿ. ಉಡುಪು ಹೊಂದಿಸುವ ಕೆಲಸ ನಾನು ವಹಿಸಿಕೊಳ್ಳುತ್ತೇನೆ.