ಶಾಲಾ ವಾರ್ಷಿಕೋತ್ಸವದಲ್ಲಿ 62 ಮಕ್ಕಳೂ ವೇದಿಕೆ ಹತ್ತಬೇಕು, ಹೇಗೆ ಮಾಡೋಣ?

ತಿಪಟೂರು ಕಡೆಯ ಅಪ್ಪ

ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 1ರಿಂದ 7ನೇ ತರಗತಿ ತನಕ ಒಟ್ಟು 62 ಮಕ್ಕಳು, ನಾಲ್ಕು ಜನ ಶಿಕ್ಷಕರು. ಈ ವರ್ಷ ನಾನು ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ ಸದಸ್ಯ. ಮಾರ್ಚ್ ಪರೀಕ್ಷೆಗೆ ಮುಂಚೆ, ಫೆಬ್ರವರಿ ಕೊನೆಯಲ್ಲಿ ವಾರ್ಷಿಕೋತ್ಸವ ಮಾಡೋಣ ಅಂತ ಹೆಡ್‌ಮೇಡಂ ಹೇಳಿದ್ದಾರೆ. ಜವಾಬ್ದಾರಿ ನನ್ನ ಮೇಲೂ ಬಿದ್ದಿದೆ.

ಹೋದ ವರ್ಷ ಏನಾಯಿತು ಅಂತ ಹೇಳಿಬಿಡುತ್ತೇನೆ. ಸಂಜೆ 6ಕ್ಕೆ ಕಾರ್ಯಕ್ರಮ ಅಂತ ಕರಪತ್ರದಲ್ಲಿ ಹಾಕಿಸಿದ್ದರು, ಅತಿಥಿಗಳು ಬಂದು ದೀಪ ಹಚ್ಚುವಾಗ ಏಳೂಕಾಲು. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ಒಬ್ಬೊಬ್ಬರಿಗೂ ಹಾರ ಶಾಲು, ಒಬ್ಬೊಬ್ಬರದೂ ಭಾಷಣ. ಒಂಬತ್ತು ಗಂಟೆ ಆದರೂ ಮಕ್ಕಳ ಸರದಿ ಬರಲಿಲ್ಲ. ಒಂದನೇ ತರಗತಿ ಮಕ್ಕಳು ಮುಖಕ್ಕೆ ಬಣ್ಣ ಬಳಿದುಕೊಂಡು ಅಮ್ಮಂದಿರ ಮಡಿಲಲ್ಲೇ ನಿದ್ದೆ ಹೋದವು. ಹತ್ತು ಗಂಟೆಗೆ ಮೈಕ್ ನಿಲ್ಲಿಸಲೇಬೇಕಲ್ಲ, ಹಾಗಾಗಿ ಕೊನೆಯಲ್ಲಿದ್ದ ಮೂರು ಐಟಂ ಬಿಟ್ಟರು. ಅದರಲ್ಲಿ ನನ್ನ ಮಗಳ ಕೋಲಾಟವೂ ಒಂದು. ಮೂರು ವಾರ ಅಭ್ಯಾಸ ಮಾಡಿದ್ದಳು. ಅವಳು ಅಳಲಿಲ್ಲ, ಮನೆಗೆ ಬಂದು ಸುಮ್ಮನೆ ಒಂದೊಂದೇ ಬಳೆ ತೆಗೆದು ಡಬ್ಬಿಗೆ ಹಾಕಿ ಮಲಗಿದಳು. ಅದನ್ನು ನೋಡಿದವನು ನಾನು, ಇವತ್ತಿಗೂ ಮರೆಯೋಕೆ ಆಗಿಲ್ಲ. ಅವಳೀಗ 7ನೇ ತರಗತಿ, ಈ ಶಾಲೆಯಲ್ಲಿ ಅವಳಿಗೆ ಇದೇ ಕೊನೆಯ ವರ್ಷ.

ದುಡ್ಡಿನ ವಿಷಯವೂ ಇದೆ. ಹೋದ ಸಲ ಊರಲ್ಲಿ 24,000 ಕೂಡಿಸಿದ್ದೆವು. ಶಾಮಿಯಾನ, ಮೈಕ್ ಸೆಟ್, ಲೈಟಿಗೆ 11,000 ಹೋಯಿತು, ಶಾಲು ಹಾರ ನೆನಪಿನ ಕಾಣಿಕೆಗೆ ಐದೂವರೆ ಸಾವಿರ. ಡ್ಯಾನ್ಸ್ ಡ್ರೆಸ್ ಬಾಡಿಗೆ ಮಾತ್ರ ಮಕ್ಕಳೇ ಕೊಡಬೇಕಿತ್ತು, ತಲಾ 250. ಕೊಡೋಕಾಗದ ಮಕ್ಕಳು ತಾವಾಗಿಯೇ ಹಿಂದೆ ಸರಿದರು, ಯಾರೂ ಯಾಕೆ ಅಂತ ಕೇಳಲಿಲ್ಲ.

ಈ ಸಲ 62 ಮಕ್ಕಳೂ ವೇದಿಕೆ ಹತ್ತಬೇಕು, ಯಾರ ಮನೆಯಿಂದಲೂ ಒಂದು ರೂಪಾಯಿ ಹೆಚ್ಚಿಗೆ ಕೇಳಬಾರದು. ಮಾಡಿದವರು ಯಾರಾದರೂ ಇದ್ದರೆ ಹೇಗೆ ಮಾಡಿದಿರಿ ಅಂತ ಬಿಡಿಸಿ ಹೇಳಿ.

ಸಾಗರದ ಟೀಚರ್

ನಮಸ್ಕಾರ ಸರ್. ನಾನು 19 ವರ್ಷದಿಂದ ಪ್ರಾಥಮಿಕ ಶಾಲೆಯಲ್ಲಿದ್ದೇನೆ. ನೀವು ಬರೆದಿದ್ದನ್ನು ಓದಿ ಹೊಟ್ಟೆಯಲ್ಲಿ ಸಂಕಟವಾಯಿತು, ಯಾಕೆಂದರೆ ನಮ್ಮಲ್ಲೂ ಒಂದು ವರ್ಷ ಹೀಗೇ ಆಗಿತ್ತು.

ಮೊದಲು ಮಾಡಬೇಕಾದ್ದು ಕ್ರಮ ಬದಲಾಯಿಸುವುದು. ಮಕ್ಕಳ ಕಾರ್ಯಕ್ರಮ ಮೊದಲು, ಅದರಲ್ಲೂ ಒಂದು ಎರಡು ಮೂರನೇ ತರಗತಿಯವು ಎಲ್ಲಕ್ಕಿಂತ ಮೊದಲು. ಅತಿಥಿಗಳು ಬರಲಿ ಬಿಡಲಿ, ಹೇಳಿದ ಸಮಯಕ್ಕೆ ನಾಡಗೀತೆ ಹಾಡಿ ಶುರು ಮಾಡಿಬಿಡಿ. ಚಿಕ್ಕ ಮಕ್ಕಳದು ಮುಗಿದ ಮೇಲೆ ಸಭಾ ಕಾರ್ಯಕ್ರಮ, ಅದಕ್ಕೆ 30 ನಿಮಿಷ ಅಷ್ಟೇ. ಆಮೇಲೆ ದೊಡ್ಡ ಮಕ್ಕಳದು. ಇದನ್ನು ಆಮಂತ್ರಣ ಪತ್ರಿಕೆಯಲ್ಲೇ ಅಚ್ಚು ಹಾಕಿಸಿ. ನಾವು ಹಾಗೆ ಮಾಡಿದಾಗ ಅತಿಥಿಗಳು ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ಒಬ್ಬರಂತೂ ಮುಂದಿನ ಸಾಲಿನಲ್ಲಿ ಕೂತು ಮಕ್ಕಳ ಜೊತೆ ಚಪ್ಪಾಳೆ ಹೊಡೆಯುತ್ತಿದ್ದರು.

ಎರಡನೆಯದು, ಚೆನ್ನಾಗಿ ಕುಣಿಯುವ ಎಂಟು ಮಕ್ಕಳನ್ನು ಆರಿಸಿ ನಾಲ್ಕು ಡ್ಯಾನ್ಸ್ ಮಾಡಿಸುವುದನ್ನು ಬಿಟ್ಟುಬಿಡಿ. ಆರಿಸೋಕೆ ಪ್ರತಿಭಾ ಕಾರಂಜಿ ಸ್ಪರ್ಧೆ ಇದೆ, ಕ್ಲಸ್ಟರ್‌ನಿಂದ ತಾಲ್ಲೂಕು, ಜಿಲ್ಲೆ ಅಂತ ಮೇಲೆ ಹೋಗುತ್ತದೆ, ಅಲ್ಲಿ ಗೆಲ್ಲುವವರು ಬೇಕು. ವಾರ್ಷಿಕೋತ್ಸವ ಸ್ಪರ್ಧೆ ಅಲ್ಲ. ಒಂದು ತರಗತಿಗೆ ಒಂದು ಐಟಂ, ಆ ತರಗತಿಯ ಎಲ್ಲಾ ಮಕ್ಕಳೂ ಅದರಲ್ಲಿ. ಚಿಕ್ಕವರಿಗೆ ಅಭಿನಯ ಗೀತೆ, ಐದನೆಯವರಿಗೆ ಪಾಠದಲ್ಲೇ ಇರುವ ಕಥೆಯನ್ನು ಹತ್ತು ನಿಮಿಷದ ನಾಟಕ ಮಾಡಿಸಿ. ಡ್ರೆಸ್ ಬಾಡಿಗೆಗೆ ತರಬೇಡಿ. ಅಜ್ಜನ ಪಂಚೆ, ಅಮ್ಮನ ಹಳೇ ಸೀರೆ, ಯೂನಿಫಾರ್ಮ್ ಮೇಲೆ ಒಂದು ಬಣ್ಣದ ಟವೆಲ್ ಸುತ್ತಿದರೆ ಆಯಿತು.

ನಿಮ್ಮ ಕಡೆ ಸೋಮನ ಕುಣಿತ, ಕೋಲಾಟ ಎಲ್ಲಾ ಗೊತ್ತಿರುವ ಹಿರಿಯರು ಇದ್ದೇ ಇರುತ್ತಾರೆ. ಮೊಬೈಲ್‌ನಲ್ಲಿ ಸಿನಿಮಾ ಹಾಡು ಹಾಕಿ ಕಲಿಸುವ ಬದಲು ಅವರನ್ನೇ ಶಾಲೆಗೆ ಕರೆಯಿರಿ. ಮಧ್ಯಾಹ್ನ ಬಿಸಿಯೂಟ ಆದ ಮೇಲೆ ಅರ್ಧ ಗಂಟೆ ಹೇಳಿಕೊಟ್ಟರೆ ಸಾಕು, ಮಕ್ಕಳು ಬೇಗ ಹಿಡಿದುಕೊಳ್ಳುತ್ತಾರೆ. ಒಂದು ಮಾತು, ಕೋಲಾಟಕ್ಕೆ ಜೋಡಿ ಬೇಕು. ಒಂಬತ್ತು ಮಕ್ಕಳಿದ್ದರೆ ಒಬ್ಬರನ್ನು ಬಿಡಬೇಡಿ, ಆ ಮಗುವಿನ ಕೈಗೆ ತಾಳ ಕೊಟ್ಟು ಮಧ್ಯದಲ್ಲಿ ನಿಲ್ಲಿಸಿ ಪದ ಹೇಳಿಸಿ.

ಬೆಳಗ್ಗೆ ಹತ್ತರಿಂದ ಒಂದರ ತನಕ ಮಾಡಿದರೆ ಲೈಟಿನ ಖರ್ಚೂ ಉಳಿಯುತ್ತದೆ, ನಿದ್ದೆಯ ತಾಪತ್ರಯವೂ ಇಲ್ಲ.

ಕೊಪ್ಪಳ ಹಳೇ ಎಸ್‌ಡಿಎಂಸಿ

ಟೀಚರಮ್ಮಾರು ಹೇಳಿದ್ದು ಎಲ್ಲಾ ಸರಿ, ಬೆಳಗ್ಗೆ ಮಾಡಿ ಅನ್ನೋದು ಒಂದು ಬಿಟ್ಟು. ಕೂಲಿಗೆ ಹೋಗುವ ತಾಯಂದಿರು ಬೆಳಗ್ಗೆ ಹತ್ತಕ್ಕೆ ಹೇಗೆ ಬರುತ್ತಾರೆ? ಒಂದು ದಿನದ ಕೂಲಿ ಹೋಗುತ್ತದೆ. ನಾವು ಒಂದು ವರ್ಷ ಹಗಲಲ್ಲಿ ಮಾಡಿ ನೋಡಿದೆವು, ಕುರ್ಚಿ ಎಲ್ಲಾ ಖಾಲಿ, ಮಕ್ಕಳು ವೇದಿಕೆ ಮೇಲಿಂದ ಅವ್ವ ಎಲ್ಲಿ ಅಂತ ಹುಡುಕುತ್ತಿದ್ದವು. ಮಾರನೇ ವರ್ಷ ಸಂಜೆ ಐದೂವರೆಗೆ ಇಟ್ಟೆವು, ಎಂಟೂವರೆಗೆ ಮುಗಿಸಿ ಊಟಕ್ಕೆ ಕೂರಿಸಿದೆವು. ಊರೆಲ್ಲಾ ಬಂದಿತ್ತು.

ಇನ್ನೊಂದು ಕೇಳಿ ಅಣ್ಣಾರ. ಅದೇ ದಿನ ಮೂರು ಗಂಟೆಯಿಂದ ಐದರ ತನಕ ಶಾಲೆ ಅಂಗಳದಲ್ಲಿ ಮಕ್ಕಳ ಸಂತೆ ಇಡಿ. ದುಡ್ಡು ಹೆಚ್ಚಿಗೆ ಬೇಕಿಲ್ಲ. ಮನೆಯಲ್ಲಿ ಏನಿದೆಯೋ ಅದು, ಕೊತ್ತಂಬರಿ, ಮೆಂತ್ಯೆ ಸೊಪ್ಪು, ನಿಂಬೆಹಣ್ಣು, ಹುಣಸೆ, ಮಜ್ಜಿಗೆ, ಮಂಡಕ್ಕಿ. ನಿಮ್ಮ ಕಡೆ ತೆಂಗಿನಕಾಯಿಗೇನೂ ಬರ ಇಲ್ಲ ಬಿಡಿ. ತಕ್ಕಡಿ ಹಿಡಿದು ತೂಗುವುದು, ನೂರರ ನೋಟಿಗೆ ಚಿಲ್ಲರೆ ಎಣಿಸಿ ಕೊಡುವುದು, ಕೊನೆಗೆ ಬಂಡವಾಳ ಎಷ್ಟು ಲಾಭ ಎಷ್ಟು ಅಂತ ಬರೆಯುವುದು, ಎಲ್ಲಾ ಮಕ್ಕಳೇ ಮಾಡಬೇಕು. ನಮ್ಮಲ್ಲಿ ಎರಡನೇ ತರಗತಿ ಹುಡುಗಿಯೊಬ್ಬಳು ಐದು ರೂಪಾಯಿಗೆ ಒಂದು ಕಟ್ಟು ಅಂತ ಕೊತ್ತಂಬರಿ ಮಾರುತ್ತಿದ್ದಳು. ಅವಳ ಸ್ವಂತ ಅಜ್ಜಿ ಬಂದು ಮೂರು ರೂಪಾಯಿಗೆ ಕೊಡು ಅಂದರೂ ಬಿಡಲಿಲ್ಲ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ಅದು! ಅವತ್ತು ಅವಳ ಟೀಚರು ಅದನ್ನು ನೋಡಿ ಕಣ್ಣು ಒರೆಸಿಕೊಂಡರು.

ಶಾಲು ಹಾರದ ವಿಷಯ. ಅತಿಥಿಗಳಿಗೆ ಒಂದೊಂದು ಸಸಿ ಅಥವಾ ಮಕ್ಕಳು ಬರೆದ ಚಿತ್ರ ಕೊಡಿ, ಸಾಕು. ಶಾಲು ಹೊದಿಸುವುದೇ ಆದರೆ ಅಡುಗೆಯವರಿಗೆ ಹೊದಿಸಿ. ಅಕ್ಷರ ದಾಸೋಹ, ಅಂದರೆ ಶಾಲೆಯ ಬಿಸಿಯೂಟ ಯೋಜನೆ, 2002ರಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಅವತ್ತಿನಿಂದ ಒಲೆ ಮುಂದೆ ನಿಂತ ತಾಯಿ ನಮ್ಮ ಶಾಲೆಯಲ್ಲಿದ್ದಾರೆ. ಅವರನ್ನು ವೇದಿಕೆಗೆ ಕರೆದಾಗ ಮಕ್ಕಳು ಹೊಡೆದ ಚಪ್ಪಾಳೆ ಇನ್ಯಾರಿಗೂ ಬೀಳಲಿಲ್ಲ.

ತಿಪಟೂರು ಕಡೆಯ ಅಪ್ಪ

ಮೇಡಂ, ಅಣ್ಣಾ, ತುಂಬಾ ಉಪಕಾರ ಆಯಿತು. ಸಂಜೆಯೇ ಸರಿ ಅನಿಸುತ್ತದೆ, ನಮ್ಮಲ್ಲೂ ಅರ್ಧ ಜನ ಕೂಲಿಗೆ ಹೋಗುವವರೇ. ಇನ್ನೊಂದು ಕೇಳಬೇಕಿತ್ತು. ನಾಲ್ಕನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದಾನೆ, ಜನ ಜಾಸ್ತಿ ಇದ್ದರೆ ನಡುಗುತ್ತಾನೆ, ಮಾತು ತೊದಲುತ್ತದೆ. ಅವನನ್ನು ಬಲವಂತ ಮಾಡೋಕೆ ಮನಸ್ಸಿಲ್ಲ, ಹಾಗಂತ ಬಿಡೋಕೂ ಮನಸ್ಸಿಲ್ಲ.

ಪುತ್ತೂರಿನ ಅಮ್ಮ

ಅಣ್ಣಾ, ನನ್ನ ಮಗನೂ ಹಾಗೇ ಇದ್ದ. ಈಗ ಹೈಸ್ಕೂಲು. ಮೂರನೇ ತರಗತಿಯಲ್ಲಿದ್ದಾಗ ವೇದಿಕೆ ಹತ್ತುವುದಿಲ್ಲ ಅಂತ ಹಟ ಹಿಡಿದು ಕೂತಿದ್ದ. ಅವರ ಮಾಸ್ಟರು ಬೈಯಲಿಲ್ಲ, ಹೆದರಿಸಲಿಲ್ಲ. ಪರದೆ ಎಳೆಯುವ ಹಗ್ಗ ಅವನ ಕೈಗೆ ಕೊಟ್ಟರು. ಇಡೀ ರಾತ್ರಿ ಪ್ರತಿ ಕಾರ್ಯಕ್ರಮಕ್ಕೂ ಪರದೆ ತೆಗೆದವನು ಹಾಕಿದವನು ಅವನೇ. ಕೊನೆಗೆ ಮೈಕಿನಲ್ಲಿ ಅವನ ಹೆಸರು ಕರೆದು, ಇವತ್ತು ಪರದೆ ನೋಡಿಕೊಂಡದ್ದು ಇವನು ಅಂದರು. ಆಗ ತಾನಾಗಿಯೇ ಬಂದು ನಡುವೆ ನಿಂತು ಕೈ ಮುಗಿದ. ಮರುವರ್ಷ ಶಾಲೆಯ ಯಕ್ಷಗಾನದಲ್ಲಿ ಮಾತಿಲ್ಲದ ಒಂದು ಸಣ್ಣ ವೇಷ ಮಾಡಿದ, ಅದರ ಮರುವರ್ಷ ನಾಲ್ಕು ಮಾತೂ ಆಡಿದ. ಆ ಹುಡುಗನಿಗೆ ಕೈಯಲ್ಲಿ ಒಂದು ಕೆಲಸ ಕೊಡಿ. ತಮಟೆ, ಗಂಟೆ, ಪರದೆ ಏನಾದರೂ ಸರಿ. ಆದರೆ ಸುಮ್ನೆ ಹೆಸರಿಗೆ ಕೊಟ್ಟ ಕೆಲಸ ಆಗಬಾರದು, ಅವನಿಲ್ಲದಿದ್ದರೆ ಕಾರ್ಯಕ್ರಮ ನಡೆಯುವುದಿಲ್ಲ ಅನ್ನುವಂಥದ್ದು ಆಗಬೇಕು.

ಬಹುಮಾನದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಮ್ಮ ಶಾಲೆಯಲ್ಲಿ ಪ್ರತಿ ಮಗುವಿಗೂ ಒಂದು ಸ್ಟೀಲ್ ಲೋಟ ಕೊಡುತ್ತಾರೆ, ಅದರ ಮೇಲೆ ಶಾಲೆ ಹೆಸರು, ಇಸವಿ ಕೆತ್ತಿಸಿ. ಓಟದಲ್ಲಿ ಗೆದ್ದವರಿಗೆ ಬೇರೆ ಬಹುಮಾನ ಇದ್ದೇ ಇರುತ್ತದೆ. ನಮ್ಮ ಮನೆಯಲ್ಲಿ ಅಂಥ ಆರು ಲೋಟ ಇವೆ, ನಾವು ದಿನಾ ಚಹಾ ಕುಡಿಯುವುದು ಅದರಲ್ಲೇ.

ಸಾಗರದ ಟೀಚರ್

ಪುತ್ತೂರಿನ ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಸಂಜೆ ಮಾಡುವ ಬಗ್ಗೆ ಕೊಪ್ಪಳದ ಸರ್ ಹೇಳಿದ್ದನ್ನೂ ಒಪ್ಪುತ್ತೇನೆ, ಕೂಲಿಯ ವಿಷಯ ನನಗೆ ಹೊಳೆದಿರಲಿಲ್ಲ.

7ನೇ ತರಗತಿಯ ಬೀಳ್ಕೊಡುಗೆ ಬಗ್ಗೆ ಒಂದು ಮಾತು. ಮಕ್ಕಳಿಂದ ದುಡ್ಡು ಕೂಡಿಸಿ ಶಾಲೆಗೆ ಗೋಡೆ ಗಡಿಯಾರವೋ ಫ್ಯಾನೋ ಕೊಡಿಸುವ ಪದ್ಧತಿ ತುಂಬಾ ಕಡೆ ಇದೆ. ದಯವಿಟ್ಟು ಬೇಡ. ಐವತ್ತು ರೂಪಾಯಿ ತರಲಾಗದೆ ಆ ದಿನ ಶಾಲೆಗೇ ಬಾರದ ಹುಡುಗನನ್ನು ನಾನು ಕಂಡಿದ್ದೇನೆ, ಏಳು ವರ್ಷ ಓದಿದ ಶಾಲೆಯ ಕೊನೆಯ ದಿನ ಅವನು ಮನೆಯಲ್ಲಿ ಕೂತಿದ್ದ. ಅದರ ಬದಲು ನಾವೇ ಕೊಡಬೇಕು. ನಾನು ಪ್ರತಿ ಮಗುವಿನ ಬಗ್ಗೆ ಎರಡು ಮೂರು ಸಾಲು ಬರೆದು ಎಲ್ಲರ ಮುಂದೆ ಓದಿ ಆ ಹಾಳೆಯನ್ನು ಅವರಿಗೇ ಕೊಡುತ್ತೇನೆ. ಅಂಕದ ಮಾತು ಅದರಲ್ಲಿ ಇರುವುದಿಲ್ಲ. ಬೋರ್‌ವೆಲ್ ಕೆಟ್ಟಾಗ ದಿನಾ ಎರಡು ಕೊಡ ನೀರು ತಂದವಳು, ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಶಾಲೆಗೆ ಬಂದವಳು, ಇಂಥದ್ದು. ಬರೆಯೋಕೆ ಒಂದು ವಾರ ಹಿಡಿಯುತ್ತದೆ, ಯಾಕೆಂದರೆ ಸುಳ್ಳು ಬರೆಯಬಾರದು.

ಆಮೇಲೆ ಒಂದು ಕಾಗದದ ಕೆಲಸ. ಏಪ್ರಿಲ್‌ನಲ್ಲಿ ಫಲಿತಾಂಶ ಬಂದು ಟಿಸಿ ತೆಗೆದುಕೊಳ್ಳುವ ಮುಂಚೆ ಮಗಳ ಹೆಸರು, ಹುಟ್ಟಿದ ದಿನಾಂಕ, ನಿಮ್ಮ ಹೆಸರು ಶಾಲೆ ದಾಖಲಾತಿಯಲ್ಲೂ ಆಧಾರ್‌ನಲ್ಲೂ ಒಂದೇ ರೀತಿ ಇವೆಯಾ ನೋಡಿಕೊಳ್ಳಿ. ಎಸ್‌ಎಸ್‌ಎಲ್‌ಸಿ ತನಕ ಬಿಟ್ಟರೆ ಆಗ ಜಾಸ್ತಿ ಓಡಾಟ. ವಾರ್ಷಿಕೋತ್ಸವಕ್ಕೆ ಎಲ್ಲಾ ಪೋಷಕರೂ ಬರುತ್ತಾರಲ್ಲ, ಅವತ್ತೇ ಒಂದು ಮೇಜು ಹಾಕಿ ಏಳನೆಯ ಎಲ್ಲರದೂ ತೋರಿಸಿಬಿಡಿ.

ತಿಪಟೂರು ಕಡೆಯ ಅಪ್ಪ

ನಿನ್ನೆ ಸಭೆ ಆಯಿತು. ನೀವು ಬರೆದಿದ್ದನ್ನೆಲ್ಲಾ ಹೆಡ್‌ಮೇಡಂಗೆ ಓದಿ ಹೇಳಿದೆ. ಸಂಜೆ ಐದೂವರೆ, ಮೊದಲು ಚಿಕ್ಕ ಮಕ್ಕಳು, ಸಭೆಗೆ ಅರ್ಧ ಗಂಟೆ ಅಂತ ನಿರ್ಧಾರ ಮಾಡಿದೆವು. ಒಬ್ಬಿಬ್ಬರು ಅತಿಥಿಗಳಿಗೆ ಅವಮಾನ ಆಗುತ್ತದೆ ಅಂದರು. ಮೇಡಂ ಹೋದ ವರ್ಷ ಮಲಗಿದ್ದ ಮಕ್ಕಳ ಫೋಟೋ ತೋರಿಸಿದ ಮೇಲೆ ಒಪ್ಪಿಕೊಂಡರು. ಶಾಲು ತರುವುದು ಎರಡೇ, ಎರಡೂ ಅಡುಗೆಯ ಅಕ್ಕಂದಿರಿಗೆ. ಉಳಿದ ದುಡ್ಡಲ್ಲಿ 62 ಲೋಟ ಬರುತ್ತದಾ ಅಂತ ತಿಪಟೂರಿನ ಪಾತ್ರೆ ಅಂಗಡಿಯಲ್ಲಿ ವಿಚಾರಿಸುತ್ತಿದ್ದೇನೆ. ಮೈಕಿಗೆ ಅನುಮತಿ ಕೇಳಿ ಸ್ಟೇಷನ್‌ಗೆ ಅರ್ಜಿ ಕೊಟ್ಟಾಯಿತು.

ನಾಲ್ಕನೆಯ ಹುಡುಗನಿಗೆ ಗಂಟೆ. ಪ್ರತಿ ಐಟಂ ಶುರುವಾಗುವ ಮುಂಚೆ ಶಾಲೆಯ ಗಂಟೆ ಅವನೇ ಹೊಡೆಯಬೇಕು, ಅವನು ಹೊಡೆಯುವ ತನಕ ಯಾರೂ ವೇದಿಕೆ ಹತ್ತುವಂತಿಲ್ಲ. ಕೇಳಿದ್ದಕ್ಕೆ ತಲೆ ಆಡಿಸಿದ.

ಏಳನೇ ತರಗತಿಯಲ್ಲಿ ಇರುವುದು ಒಂಬತ್ತೇ ಮಕ್ಕಳು. ಕೋಲಾಟ ಕಲಿಸೋಕೆ ನಮ್ಮೂರಿನ ಒಬ್ಬರು ಅಜ್ಜ ಒಪ್ಪಿದ್ದಾರೆ, ಎಪ್ಪತ್ತು ದಾಟಿದೆ, ಪದ ಎಲ್ಲಾ ಬಾಯಲ್ಲೇ ಇದೆ. ಮೇಡಂ ಹೇಳಿದ ಹಾಗೆ ಮಧ್ಯದಲ್ಲಿ ನಿಂತು ತಾಳ ಹಾಕಿ ಪದ ಹೇಳುವವರು ಯಾರು ಅಂತ ಅಜ್ಜ ಕೇಳಿದಾಗ ನನ್ನ ಮಗಳು ಕೈ ಎತ್ತಿದಳಂತೆ. ಸಂಜೆಯಿಂದ ಮನೆಯಲ್ಲಿ ಅದೇ ಪದ ಗುನುಗುತ್ತಿದ್ದಾಳೆ. ಬಳೆ ಡಬ್ಬಿ ಮತ್ತೆ ಹೊರಗೆ ಬಂದಿದೆ.